ನಾಲ್ಕನೇ ಹಾಡಿನ ಕುಂಟು ತಾಳ

ನಲವತ್ತು ವರ್ಷದಿಂದ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುವ ಆಕೆಯನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದು ‘ಕತ್ತರಿ ಅಕ್ಕ’ ಎಂದೇ. ಹತ್ತಕ್ಕೆ ಆರು ಅಂಕ ಕೊಟ್ಟಳೆಂದರೆ ಹಾಡಿದವರು ಸಿಹಿ ಹಂಚಬೇಕು, ಅಷ್ಟು ಬಿಗಿ ಕೈ. ಬರೆದದ್ದನ್ನು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡವಳಲ್ಲ ಎಂಬುದು ಆಕೆಯ ಹೆಮ್ಮೆ. ನನ್ನನ್ನು ಕೇಳಿದರೆ ಅದು ಬರೀ ಹಟ.

ಆ ಮಧ್ಯಾಹ್ನ ಮನೆಯಲ್ಲಿ ಆಕೆಯ ಮುಂದಿದ್ದದ್ದು ಜಗತ್ತೆಲ್ಲ ಹೆಸರು ಮಾಡಿದ ರಾಕ್ ತಂಡವೊಂದರ ಮೊದಲ ಆಲ್ಬಂ. ನಲವತ್ತು ತುಂಬಿತೆಂದು ಮೂಲ ಟೇಪಿನಿಂದ ಹೊಸದಾಗಿ ರೆಕಾರ್ಡ್ ತಂದಿದ್ದರು. ಆ ತಂಡದ ಮೊದಲ ಡ್ರಮ್ಮರ್ ಆಕೆಯ ಸ್ವಂತ ಅಣ್ಣ. ಧ್ವನಿಮುದ್ರಣ ಮುಗಿದ ವಾರದಲ್ಲೇ ಲಾರಿಗೆ ಸಿಕ್ಕಿ ತೀರಿಕೊಂಡ. “ಅವನು ಬಾರಿಸಿದ್ದನ್ನೆಲ್ಲ ಅಳಿಸಿ ಹೊಸಬನ ಕೈಲಿ ಬಾರಿಸಿದ್ದೀವಿ” ಎಂದು ತಂಡದವರು ಮನೆಗೇ ಬಂದು ಹೇಳಿ ಹೋದರು. ಕವರಿನ ಮೇಲೂ ಹೊಸಬನದೇ ಹೆಸರು. “ಅವನ ಡ್ರಮ್ಮು ಒಂದ್ಸಲ ಕೇಳಿಸೇ” ಎಂದು ಅಮ್ಮ ಅಂಗಲಾಚಿದಾಗಲೆಲ್ಲ ಆಕೆಯದು ಒಂದೇ ಉತ್ತರ: “ಅಳಿಸಿಬಿಟ್ರಮ್ಮ.”

ಆ ಉರಿಯಲ್ಲೇ, ಕಚೇರಿಯ ಗೊರಗೊರ ಪ್ಲೇಯರಿನಲ್ಲಿ ಒಮ್ಮೆ ಕೇಳಿ, ಆಕೆ ತನ್ನ ಮೊದಲ ವಿಮರ್ಶೆ ಬರೆದಿದ್ದಳು: ‘ನಾಲ್ಕನೇ ಹಾಡಿನಲ್ಲಿ ತಾಳ ಕುಂಟುತ್ತದೆ. ಈ ಡ್ರಮ್ಮರನಿಗೆ ಯಾರಾದರೂ ಊರುಗೋಲು ಕೊಡಿಸಿ.’ ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಕತ್ತರಿ ಎಂಬ ಹೆಸರು ಅಂಟಿದ್ದು ಆಗಲೇ.

ಈಗ ಸೂಜಿ ಇಟ್ಟು ಪೆನ್ನು ಹಿಡಿದಳು. ಗಿಟಾರಿನವನಿಗೆ ಶುರು ಮಾಡುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಗಾಯಕ ಕಿರುಚುವುದನ್ನೇ ಭಾವ ಎಂದುಕೊಂಡಿದ್ದಾನೆ. ಮೂರು ಹಾಡಿಗೆ ಒಂದೇ ರಾಗ, ಅಂಗಿ ಮಾತ್ರ ಬೇರೆ.

ಮೊದಲ ಬದಿಯ ಕೊನೆಯದು, ನಾಲ್ಕನೇ ಹಾಡು. ಹಳೆಯ ಪ್ಲೇಯರಿನಲ್ಲಿ ಟಿನ್ನು ಬಡಿದಂತಿದ್ದ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ಈಗ ನೆಲ ಅದುರಿಸುತ್ತ ಬಂತು. ಧಂ. ತುಸು ತಡೆದು, ಧಂ. ಒಂದು ಬಿಟ್ಟು ಒಂದು ಪೆಟ್ಟು ಕೂದಲೆಳೆಯಷ್ಟು ತಡ. ಪೆನ್ನು ನಿಂತಿತು. ಅಣ್ಣನ ಬಲಗಾಲು ಎಳವೆಯಲ್ಲೇ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಈ ಮನೆಯ ಮೆಟ್ಟಿಲು ಹತ್ತುವಾಗ ಅವನ ನಡಿಗೆ ಹೀಗೇ ಇತ್ತು.

ಈ ಹಾಡಿನಲ್ಲಿ ಅವನನ್ನು ಅಳಿಸಿರಲಿಲ್ಲ. ಹೆಸರನ್ನು ಮಾತ್ರ ಅಳಿಸಿದ್ದರು. ಊರುಗೋಲು ಕೊಡಿಸಿ ಎಂದು ತಾನು ಊರೆಲ್ಲ ನಗುವಂತೆ ಹಂಗಿಸಿದ್ದು ಸತ್ತ ಅಣ್ಣನನ್ನು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ.

ಹಳೆಯ ರೆಕಾರ್ಡಿನಲ್ಲಿ ಕೊನೆಗೆ ಎಲ್ಲ ಸದ್ದೂ ಮೆಲ್ಲಗೆ ಕರಗುತ್ತಿತ್ತು. ಇದರಲ್ಲಿ ಉಳಿದ ವಾದ್ಯಗಳು ಸುಮ್ಮನಾದ ಮೇಲೂ ಕಾಲಿನ ಡ್ರಮ್ಮೊಂದೇ ನಡೆಯತೊಡಗಿತು.

“ಏಳು... ಎಂಟು...” ಒಳಕೋಣೆಯಿಂದ ದನಿ ಬಂತು. ತೊಂಬತ್ತರ ಅಮ್ಮ, ಕಣ್ಣು ಕಾಣದು. ಮಗ ಮೆಟ್ಟಿಲು ಹತ್ತುವಾಗ ಎಣಿಸುವುದು, ಹದಿಮೂರಕ್ಕೆ ಸರಿಯಾಗಿ ಬಾಗಿಲು ತೆಗೆಯುವುದು ಅವಳ ಹಳೆಯ ರೂಢಿ. ನಲವತ್ತು ವರ್ಷದಿಂದ ಎಣಿಸಿರಲಿಲ್ಲ.

“ಹನ್ನೆರಡು... ಹದಿಮೂರು.”

ಡ್ರಮ್ಮು ನಿಂತಿತು. ಸೂಜಿ ತಾನಾಗಿ ಎದ್ದು ಬದಿಗೆ ಹೋಗಿ ಕೂತಿತು.

“ಬಂದ. ಬಾಗಿಲು ತೆಗಿಯೇ.”

“ಅಮ್ಮಾ, ಅದು ರೆಕಾರ್ಡು.”

“ರೆಕಾರ್ಡೋ ಗಿಕಾರ್ಡೋ, ಎಷ್ಟೊತ್ತು ಹೊರಗೆ ನಿಲ್ಲಿಸ್ತೀಯ ಅವನ್ನ?”

ಆಕೆ ಎದ್ದು ಹೋಗಿ ಚಿಲಕ ಸರಿಸಿ ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಬಿಸಿಲು, ಕೆಳಮನೆಯವರ ಸೈಕಲ್ಲು, ಇನ್ನೇನೂ ಇಲ್ಲ. ಅಷ್ಟರಲ್ಲಿ ಆಕೆಯ ಬೆನ್ನ ಹಿಂದೆ, ಮನೆಯೊಳಗೆ, ಒಂದು ಹೆಜ್ಜೆ ಕೇಳಿಸಿತು. ತುಸು ತಡೆದು, ಇನ್ನೊಂದು. ತಿರುಗಿ ನೋಡುವ ಧೈರ್ಯ ಸಾಲಲಿಲ್ಲ.

ಒಳಕೋಣೆಯಲ್ಲಿ ಅಮ್ಮ ಯಾರಿಗೋ ಹೇಳುತ್ತಿದ್ದಳು, “ಎಷ್ಟು ಬಡವಾಗಿದ್ದೀಯೋ.”

ಸಂಜೆಯೊಳಗೆ ಆಕೆ ಬರೆದು ಕಳಿಸಿದಳು: ‘ಆಲ್ಬಂ ಆಗಲೂ ಕಳಪೆ, ಈಗಲೂ ಕಳಪೆ. ಬದುಕಿರುವುದು ನಾಲ್ಕನೇ ಹಾಡೊಂದೇ. ಅದನ್ನು ಬಾರಿಸಿದವನು ನನ್ನ ಅಣ್ಣ. ಊರುಗೋಲಿನ ಮಾತು ಬರೆದದ್ದು ನನ್ನ ತಪ್ಪು.’

ಸಂಪಾದಕರ ಫೋನು ಕೂಡಲೇ ಬಂತು. “ಅಕ್ಕಾ, ಇದನ್ನ ಹಾಕಿದ್ರೆ ತಂಡದೋರು ಕೋರ್ಟಿಗೆ ಎಳೀತಾರೆ. ನಿಮ್ಮಣ್ಣನೇ ಬಾರಿಸಿದ್ದು ಅನ್ನೋಕೆ ಸಾಕ್ಷಿ ಏನಿದೆ?”

ಆಕೆ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಮಾತು ಇನ್ನೂ ನಡೆದಿತ್ತು.

“ನಮ್ಮಮ್ಮ ಎಣಿಸಿದ್ದಾರೆ, ಸಾರ್,” ಎಂದಳು.