ಏನೂ ಸಿಗಲಿಲ್ಲ ಎಂಬ ಪಟ್ಟಿ

ನಮ್ಮ ಶೆಡ್ಡಿನ ಮುಂದೆ ಪೊಲೀಸ್ ಜೀಪು ನಿಂತಾಗ ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ! ಹಿಂದಿನ ವಾರವಷ್ಟೇ ಗೂಡಲೂರಿನ ಕಾನೂನು ಶಿಬಿರದಲ್ಲಿ ಕೂತು ಬಂದಿದ್ದೆ. ನಡುವಟ್ಟಂ ಹತ್ತಿರ ಅಪ್ಪ ನೀಲಗಿರಿ ಸೊಪ್ಪು ಬೇಯಿಸಿ ತೈಲ ಇಳಿಸುತ್ತಿದ್ದರು. ಹಂಡೆ, ಕೊಳವೆ, ಹೊಗೆ, ತೈಲ ಹಿಡಿಯುವ ಡಬ್ಬ. ಕಳ್ಳಭಟ್ಟಿಯೆಂದು ಯಾರೋ ಪುಣ್ಯಾತ್ಮರು ಠಾಣೆಗೆ ಫೋನ್ ಮಾಡಿದ್ದರು.

"ವಾರಂಟ್ ಎಲ್ಲಿ ಸಾರ್?" ಬಾಗಿಲಿಗೆ ಅಡ್ಡ ನಿಂತು ತಮಿಳಿನಲ್ಲಿ ಕೇಳಿದೆ.

ಎಸ್‌ಐ ರೇಗಲಿಲ್ಲ. ತಡಮಾಡಿದರೆ ಮಾಲು ಮಾಯವಾಗುವಂತಿದ್ದರೆ ವಾರಂಟ್ ಬೇಡ, ಕಾರಣ ಬರೆದಿಟ್ಟೇ ಬಂದಿದ್ದೇನೆ ಎಂದು ಡೈರಿ ತೋರಿಸಿದರು. ಸಾರಾಯಿ ಸಿಕ್ಕರೆ ಅಪ್ಪನನ್ನು ಹಿಡಿದೊಯ್ಯಲೂ ವಾರಂಟ್ ಬೇಕಿಲ್ಲವಂತೆ. ನನ್ನ ಜಂಬ ಜರ್ರನೆ ಇಳಿಯಿತು. ಶಿಬಿರದಲ್ಲಿ ಅದನ್ನೂ ಹೇಳಿರಬೇಕು, ನಾನು ಟೀ ಕುಡಿಯಲು ಎದ್ದು ಹೋಗಿದ್ದೆ!

"ಸುಮ್ಕಿರವ್ವ, ನೋಡ್ಕಂಡ್ ಹೋಗ್ಲಿ ಬುಡು," ಅಂದರು ಅಪ್ಪ. ಅವರ ಕಣ್ಣು ಮಾತ್ರ ರಸ್ತೆಯಾಚೆಯ ಟೀ ಅಂಗಡಿಯ ಮೇಲಿತ್ತು. ಇಡೀ ಹಟ್ಟಿಯೇ ಅಲ್ಲಿ ನಿಂತು ನೋಡುತ್ತಿತ್ತು. ಮೈಸೂರು ಕಡೆಯಿಂದ ಬಂದು ಮೂವತ್ತು ವರ್ಷ ಕಾಪಾಡಿಕೊಂಡ ಮಾನ!

ಊರಿನ ಇಬ್ಬರು ಸಾಕ್ಷಿಗಳಿರಬೇಕೆಂಬುದು ನೆನಪಿತ್ತು. ಕೇಳಿದೆ. ಎಸ್‌ಐ ಒಪ್ಪಿ, ಟೀ ಅಂಗಡಿಯಿಂದಲೇ ಬಡಗ ಜನಾಂಗದ ಇಬ್ಬರು ಹಿರಿಯರನ್ನು ಕರೆಸಿದರು. ಒಬ್ಬ ಪೇದೆ ಫೋನಿನಲ್ಲಿ ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದ. ಇನ್ನೊಬ್ಬ ಡಬ್ಬದ ಮುಚ್ಚಳ ತೆಗೆದು ಮೂಗು ತೂರಿಸಿ ಮೂಸಿದ. ಅಯ್ಯಯ್ಯೋ, ಕಣ್ಣಲ್ಲಿ ಮೂಗಲ್ಲಿ ಧಾರಾಕಾರ ನೀರು! ಹಿರಿಯರಿಬ್ಬರೂ ಕಿಸಕ್ಕನೆ ನಕ್ಕರು.

"ಬರೀ ತೈಲ. ಸರಿಯಮ್ಮ," ಎನ್ನುತ್ತಾ ಎಸ್‌ಐ ಹೊರಟರು.

"ಸಿಕ್ಕಿದ್ದರ ಪಟ್ಟಿ ಕೊಟ್ಟು ಹೋಗಿ ಸಾರ್!" ಶಿಬಿರದಲ್ಲಿ ಕೇಳಿದ ಇನ್ನೊಂದು ಮಾತು ನೆನಪಾಗಿ ಕೂಗಿದೆ.

"ಏನೂ ಸಿಗದ ಮೇಲೆ ಎಂಥ ಪಟ್ಟಿ?"

"ಏನೂ ಸಿಗಲಿಲ್ಲ ಅಂತಲೇ ಬರೆಯಿರಿ. ಜೀಪು ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಇದನ್ನೂ ನೋಡಲಿ."

ಅವರು ನನ್ನನ್ನೊಮ್ಮೆ ದಿಟ್ಟಿಸಿ, ಜೀಪಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ತಮಿಳಿನಲ್ಲಿ ಬರೆದರು. ಸಾಕ್ಷಿಗಳು ಸಹಿ ಹಾಕಿದರು. ನನಗೆ ಕುಣಿಯುವಷ್ಟು ಖುಷಿ.

ಅಪ್ಪನಿಗೆ ತಮಿಳು ಓದಲು ಬಾರದು. ಜೀಪು ತಿರುವು ದಾಟುವ ಮೊದಲೇ ಅವರು ಕಾಗದ ಹಿಡಿದು ರಸ್ತೆ ದಾಟಿದ್ದರು. ನಾನು ಹಿಂದೆಯೇ ಓಡಿದೆ.

"ಇದ್ನ ವಸಿ ಜೋರಾಗ್ ಓದಪ್ಪ," ಎಂದು ಅಂಗಡಿಯವನಿಗೆ ಕೊಟ್ಟರು. ಅವನು ಓದಿದ.

"ಇನ್ನೊಂದ್ ಸಲ ಓದಪ್ಪ," ಎಂದರು ಅಪ್ಪ. "ಆ ಮೂಲೇಲಿ ಕುಂತಿರೋರ್ಗೆ ಕೇಳಿಸ್ನಿಲ್ಲ."