ಖಾರದ ಮನೆಯಲ್ಲಿ ಬೆಲ್ಲದ ಕೋಳಿ

ಜೇವರ್ಗಿಯಲ್ಲಿ ಬಾಳಮ್ಮನ ಮನೆ ಎಲ್ಲಿ ಎಂದು ಕೇಳಿದವರಿಗೆ ಓಣಿಯ ಮಂದಿ ದಾರಿ ತೋರಿಸುತ್ತಿರಲಿಲ್ಲ. "ಹಿಂಗ ನಡ್ಕೊಂತ ಹೋಗ್ರಿ, ಎಲ್ಲಿ ಸೀನು ಬರ್ತೈತಿ ಅಲ್ಲಿ ನಿಂದರ್ರಿ" ಎನ್ನುತ್ತಿದ್ದರು. ಮಸಾಲೆ ಖಾರ ಮಾಡಿ ಮಾರುವುದು ಅವಳ ಕಸುಬು. ಇಜೇರಿಯಿಂದ ಮದುವೆಯಾಗಿ ಬಂದಾಗ ಅತ್ತೆ ತೋರಿಸಿಕೊಟ್ಟ ಒರಳಿನಲ್ಲೇ ಇವತ್ತಿಗೂ ಮೆಣಸಿನಕಾಯಿ ಕುಟ್ಟುತ್ತಾಳೆ. ಅವಳ ಅಂಗೈಗೆ ಈಗ ಉರಿ ಹತ್ತುವುದಿಲ್ಲ, ಕಣ್ಣಿಗೆ ನೀರು ಬರುವುದಿಲ್ಲ. ಗಂಡ ಸೈದಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ರೊಟ್ಟಿಯ ಮೇಲೆ ಆ ಖಾರಕ್ಕೆ ಎಣ್ಣೆ ಕಲಸಿಕೊಂಡು ತಿನ್ನುತ್ತ, "ಇಕಿ ಕೈಯಾಗಿನ ಖಾರ ನಾಲಿಗಿಗೆ, ಬಾಯಾಗಿನ ಖಾರ ಕಿವಿಗೆ" ಎಂದು ನಾಲ್ಕು ಜನರ ಎದುರು ಹೇಳುತ್ತಿದ್ದ.

ಅದೇ ಬಾಯಿಗೆ ಹುಣ್ಣಾಯಿತು. ಗುಟ್ಕಾ ಹಿಡಿದ ದವಡೆಯನ್ನು ಕಲಬುರಗಿಯ ಆಸ್ಪತ್ರೆಯಲ್ಲಿ ಕೊಯ್ದರು, ಆಮೇಲೆ ಕ್ಯಾನ್ಸರಿನ ಕರೆಂಟು ಕೊಟ್ಟರು. ಮೂಗಿನಿಂದ ಇಳಿಬಿಟ್ಟ ನಳಿಗೆಯಲ್ಲೇ ಗಂಜಿ, ಹಾಲು. ಒಂದು ದಿನ ಸೈದಪ್ಪ ಅದನ್ನು ತಾನೇ ಎಳೆದು ಹಾಕಿಬಿಟ್ಟ. ಅಂಗಿಯ ತುಂಬ ರಕ್ತ. ಹುಣ್ಣು ಮಾಯುತ್ತಿದೆ, ಇನ್ನು ಬಾಯಿಂದಲೇ ಉಣ್ಣಲಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಮನೆಗೆ ಬಂದವನು ಎರಡು ಗುಟುಕು ಹಾಲಿಗೆ ಮುಖ ತಿರುಗಿಸುತ್ತಿದ್ದ. ಪೈಜಾಮದ ಲಾಡಿಯನ್ನು ದಿನದಿನಕ್ಕೂ ಬಿಗಿ ಮಾಡಬೇಕಾಯಿತು. ಹೋದ ಸಲ ತೋರಿಸಿದಾಗ ಡಾಕ್ಟರು ತೂಕ ನೋಡಿ, "ಗುರುವಾರ ಬನ್ನಿ. ಇನ್ನೂ ಇಳಿದಿದ್ದರೆ ಹೊಟ್ಟೆಗೇ ನಳಿಗೆ ಹಾಕಬೇಕಾಗುತ್ತೆ" ಅಂದರು.

ಬಸ್ಸಿನಲ್ಲಿ ಸೈದಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ. ಊರು ಹತ್ತಿರ ಬಂದಾಗ ಅರ್ಧ ನಾಲಿಗೆಯಲ್ಲಿ ಹೇಳಿದ: "ಮತ್ತ ನಳಿಗಿ ಹಾಕಿದ್ರ ಮತ್ತ ಕೀಳ್ತೇನಿ ಬೇ. ಆಮ್ಯಾಲ ಅಳಬ್ಯಾಡ."

ಅವನು ಸುಮ್ಮನೆ ಹೇಳುವವನಲ್ಲ ಎಂಬುದನ್ನು ಬಾಳಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಬುಧವಾರ ಮಗಳು ವಿಜಯಶ್ರೀ ಅಫಜಲಪುರದಿಂದ ಬಂದಳು. ಕೈಯಲ್ಲಿ ಗಂಡನ ಮನೆಯ ಬೆಲ್ಲ, ಮೊಬೈಲಿನಲ್ಲಿ ಒಂದು ಅಡುಗೆ.

"ತೆರಿಯಾಕಿ ಚಿಕನ್ ಅಂತ ಯವ್ವಾ. ಜಪಾನ ಮಂದೀದು. ಸೋಯಾ ಸಾಸು, ಬೆಲ್ಲ, ಚೂರು ಶುಂಠಿ, ಚೂರು ಬಳ್ಳೊಳ್ಳಿ. ಅರ್ಧ ತಾಸಿನ ಕೆಲಸ. ಉರಿ ಹತ್ತೂ ಹುಳಿ ಸಿರ್ಕಾನೂ ಹಾಕ್ತಾರ, ಅದನ್ನ ನಾವು ಬಿಡೂಣು. ಖಾರ ಒಂದು ಕಣನೂ ಇಲ್ಲ."

"ಕೋಳಿಗಿ ಬೆಲ್ಲ?"

"ಹೌದು ಬೇ, ಬೆಲ್ಲ. ನೀ ಮಾರೂ ಸಾಮಾನು ಬಿಟ್ಟು ಲೋಕದಾಗ ಬ್ಯಾರೆನೂ ಅದಾವ."

ಸೋಯಾ ಸಾಸು ಕಿರಾಣಿ ಅಂಗಡಿಯಲ್ಲಿ ಸಿಗಲಿಲ್ಲ. ಬಸ್‌ಸ್ಟ್ಯಾಂಡ್ ಬಳಿ ಗೋಬಿ ಮಂಚೂರಿ ಬಂಡಿ ಇಡುವ ಹಫೀಜನ ಹತ್ತಿರ ಬಾಳಮ್ಮ ಹೋದಳು.

"ಇದರಾಗ ಖಾರ ಇಲ್ಲ ಹೌದಿಲ್ಲೋ ತಮ್ಮಾ?"

"ಇಲ್ರಿ ಅಕ್ಕಾ. ಉಪ್ಪು ಅದರಿ, ಖಾರ ಇಲ್ಲ."

"ನಿನ್ನ ಖಾರದ ಚಮಚ ಬಿದ್ದಿರಬೇಕಲ್ಲ ಇದರಾಗ."

"ಜೇವರ್ಗಿಗೆಲ್ಲ ಖಾರ ತಿನಸಾಕಿ ನೀವು. ನನ್ನ ಬಂಡೀಗಿ ಬಂದು ಖಾರ ಐತೇನು ಅಂತ ಕೇಳಾಕತ್ತೀರಿ" ಎಂದು ಹಫೀಜ ನಕ್ಕ. ಅವಳು ನಗದಿದ್ದುದನ್ನು ನೋಡಿ, ಬಂಡಿಯ ಕೆಳಗಿನಿಂದ ಮುಚ್ಚಳ ಒಡೆಯದ ಬಾಟಲಿ ತೆಗೆದುಕೊಟ್ಟ. "ಅಣ್ಣಾರಿಗೇನ್ರಿ? ಒಯ್ರಿ. ನೀರು ಕೂಡಿಸಿ ಹಾಕ್ರಿ, ಇಲ್ಲಂದ್ರ ಉಪ್ಪು ಹತ್ತತದ."

ಮೂಳೆಯಿಲ್ಲದ ಕೋಳಿಯನ್ನು ತಾಯಿ ಮಗಳು ಅಂಗಳದ ಒಲೆಯ ಮೇಲೆ ಬೇಯಿಸಿದರು. ಮಾಂಸದ ಅಡುಗೆ ಒಳಗಿನ ಒಲೆಗೆ ಹೋಗುವ ಪದ್ಧತಿ ಆ ಮನೆಯಲ್ಲಿಲ್ಲ. ಶುಂಠಿ, ಬೆಳ್ಳುಳ್ಳಿ ಜಜ್ಜಿ, ಬೆಲ್ಲ ಕರಗಿಸಿ, ನೀರು ಬೆರೆಸಿದ ಸಾಸು ಸುರಿದಾಗ ಕಂದು ಬಣ್ಣದ ಪಾಕ ಕೋಳಿಯ ಚೂರುಗಳಿಗೆ ಅಂಟಿಕೊಂಡು ಹೊಳೆಯಿತು. ವಾಸನೆ ಒಳಗೆ ಹೋಯಿತು. ಆಗ ಒಳಗಿನಿಂದ ಸೈದಪ್ಪನ ದನಿ ಬಂತು.

"ಏನ್ ಬೇ ಅದು? ವಾಸನಿ ಛಲೋ ಬಂದೈತಿ."

ಎಷ್ಟೋ ದಿನಗಳ ಮೇಲೆ ಆ ಮನುಷ್ಯ ಅನ್ನದ ಮಾತೆತ್ತಿದ್ದ. ಆಸೆ ಹುಟ್ಟಿದ ಕಡೆಯೇ ಅಂಜಿಕೆಯೂ ಹುಟ್ಟಿತು. ಬಾಳಮ್ಮ ಒಂದು ಚೂರು ಬಾಯಿಗೆ ಹಾಕಿ ನೋಡಿದಳು. ಸಿಹಿ, ಉಪ್ಪು, ಅಷ್ಟೆ. ವಿಜಯಶ್ರೀಯೂ ನೋಡಿ ತಲೆಯಾಡಿಸಿದಳು.

ಮೆತ್ತಗಿನ ಅನ್ನದಲ್ಲಿ ಕಿವುಚಿ ಬಾಳಮ್ಮ ಮೊದಲ ಚಮಚ ಕೊಟ್ಟಳು. ಸೈದಪ್ಪ ಬಾಯಲ್ಲಿ ಇಟ್ಟುಕೊಂಡ. ಕಣ್ಣು ಅಗಲವಾದವು, ನೀರು ತುಂಬಿತು. ಅಷ್ಟನ್ನೂ ಟವೆಲ್ಲಿಗೆ ಉಗುಳಿ, ಗದ್ದ ಹಿಡಿದುಕೊಂಡು ನರಳುತ್ತ ಗೋಡೆಯ ಕಡೆ ತಿರುಗಿದ.

"ಬೆಂಕಿ ಇಟ್ಟೀ" ಅಂದ.

ವಿಜಯಶ್ರೀ ತಾಯಿಯನ್ನು ಹೊರಗೆ ಕರೆತಂದಳು. "ಬಳ್ಳೊಳ್ಳಿ ಎಲ್ಲಿ ಜಜ್ಜಿದಿ?"

ಬಾಳಮ್ಮ ಒರಳಿನ ಕಡೆ ನೋಡಿದಳು. ತೊಳೆದೇ ಜಜ್ಜಿದ್ದಳು. ಆದರೆ ಅತ್ತೆಯ ಕಾಲದಿಂದ ಖಾರ ಕುಡಿದ ಕಲ್ಲು ಅದು. ಒಂದು ತಂಬಿಗೆ ನೀರಿಗೆ ಬಿಟ್ಟುಕೊಟ್ಟೀತೆ?

"ನಾನೂ ತಿಂದು ನೋಡಿದೆನಲ್ಲ ವಿಜಿ. ನೀನೂ ನೋಡಿದಿ."

"ನನ್ನ ನಾಲಿಗೀನೂ ಇದೇ ಮನಿ ನಾಲಿಗಿ ಯವ್ವಾ."

ನಿಜವಾದ ಭಯ ಬಾಳಮ್ಮನನ್ನು ಹಿಡಿದದ್ದು ಆಗ. ಅರ್ಧ ಕೋಳಿ ಬೇಯಿಸದೆ ಹಸಿಯಾಗಿಯೇ ಉಳಿದಿತ್ತು, ಮತ್ತೆ ಮಾಡಬಹುದಿತ್ತು. ಆದರೆ ಯಾವುದರಲ್ಲಿ? ಕಡಾಯಿ, ಸೌಟು, ಪಾತೇಲಿ, ಹಾಲು ಕಾಸುವ ಗಿಂಡಿ, ಅದನ್ನು ಒರೆಸುವ ಬಟ್ಟೆ, ಒಂದೊಂದನ್ನೇ ಕೈಗೆತ್ತಿ ಮೂಸಿ ಕೆಳಗಿಟ್ಟಳು. ಯಾವುದರಲ್ಲಿ ಖಾರ ಇದೆ, ಯಾವುದರಲ್ಲಿ ಇಲ್ಲ, ಅವಳ ಮೂಗಿಗೆ ತಿಳಿಯದು, ನಾಲಿಗೆಗೆ ತಿಳಿಯದು. ತಿಳಿಯುವುದು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದವನಿಗೆ ಮಾತ್ರ, ಅದೂ ಸುಟ್ಟ ಮೇಲೆ. ಅಂಗಳದ ಒಲೆಯೂ ಮೆಣಸಿನಕಾಯಿ ಹುರಿಯುವ ಒಲೆಯೇ. ಹಂಚು, ಗೋಡೆ, ತನ್ನ ಸೆರಗು, ತನ್ನ ಹತ್ತು ಬೆರಳು. ಮಕ್ಕಳನ್ನು ಸಾಕಿದ, ಆಸ್ಪತ್ರೆಗೆ ಬಸ್ಸಿನ ಚಾರ್ಜು ಕೊಟ್ಟ ಖಾರವೇ ಮನೆಯ ಮೂಲೆಮೂಲೆಯಲ್ಲಿ ಕುಳಿತು ಅವನ ಬಾಯಿ ಸುಡಲು ಕಾಯುತ್ತಿದೆ ಅನಿಸಿತು.

ಇನ್ನೊಮ್ಮೆ ಸುಟ್ಟರೆ ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ನಾಳೆ ಗುರುವಾರ.

ಅವಳು ಎದ್ದು ಒಳಗೆ ಹೋದಳು. ದೇವರ ಜಗಲಿಯ ಕೆಳಗೆ ಮಡಿಬಟ್ಟೆ ಸುತ್ತಿದ ಹಿತ್ತಾಳೆಯ ಬೋಗುಣಿ ಇತ್ತು, ಕಲಾಯಿ ಮಾಡಿಸಿದ್ದು. ಮನೆದೇವರು ಮೈಲಾರಲಿಂಗನ ಎಡೆಗೆ ಹುಗ್ಗಿ ಮಾಡಲು ಮಾತ್ರ ಅದು ಹೊರಗೆ ಬರುತ್ತಿತ್ತು. ಇದಕ್ಕೆ ಖಂಡ ತಾಗಿಸಿದವರ ವಂಶ ಬೆಳಗುವುದಿಲ್ಲ ಎಂದು ಅತ್ತೆ ಸಾಯುವ ತನಕ ಹೇಳಿದ್ದಳು. ಬಾಳಮ್ಮ ಬೋಗುಣಿಗೆ ಸುತ್ತಿದ ಬಟ್ಟೆ ಬಿಚ್ಚಿದಳು.

"ಯವ್ವಾ, ಅದು ದೇವರದು."

"ಇದೊಂದರಾಗ ಖಾರ ಇಲ್ಲ."

"ಅಂಜಿಕಿ ಬರಂಗಿಲ್ಲೇನ್ ಬೇ ನಿನಗ?"

"ಬರ್ತೈತಿ" ಅಂದಳು ಬಾಳಮ್ಮ. "ತೊಗೋ. ಒಳಗಿನ ಒಲಿ ಮ್ಯಾಲ ಇಡು. ಕೋಳಿ ನೀ ಹಾಕು. ನನ್ನ ಕೈ ಬ್ಯಾಡ."

ವಿಜಯಶ್ರೀ ಸೋಪು ಹಚ್ಚಿ ಮೊಣಕೈತನಕ ಕೈ ತೊಳೆದು ಬಂದಳು. ಬೆಳ್ಳುಳ್ಳಿಯನ್ನು ಬಿಟ್ಟೇಬಿಟ್ಟರು. ಶುಂಠಿಯ ಒಂದು ತುಂಡನ್ನು ಹಾಗೇ ಮುಳುಗಿಸಿ, ವಾಸನೆ ಬಿಟ್ಟ ಕೂಡಲೇ ತೆಗೆದು ಒಗೆದರು. ಬೆಲ್ಲ, ಸಾಸು, ನೀರು ಕುದಿಯುವಾಗ ಬಾಳಮ್ಮ ಜಗಲಿಗೆ ಬೆನ್ನು ಹಾಕದೆ, ಮುಖವನ್ನೂ ಮಾಡದೆ, ಅಡ್ಡಡ್ಡ ಕುಳಿತಿದ್ದಳು. ಏನು ಬೇಡಬೇಕೋ ತಿಳಿಯಲಿಲ್ಲ. ಇವನ ಗಂಟಲು ತೆರೆಯಲಿ, ಸಿಟ್ಟಿದ್ದರೆ ನನ್ನ ಮೇಲೆ ತೀರಿಸಿಕೋ ಎಂದಷ್ಟೇ ಅಂದುಕೊಂಡಳು.

ಬೋಗುಣಿಯ ಜೊತೆಗಿದ್ದ, ಹುಗ್ಗಿ ತಿರುವುವ ಚಮಚದಿಂದಲೇ ಕೋಳಿಯನ್ನು ಎಳೆಎಳೆಯಾಗಿ ಮಾಡಿ, ಅದೇ ಬೋಗುಣಿಯಲ್ಲಿ ಬೇಯಿಸಿದ ಅನ್ನದಲ್ಲಿ ಕಲಸಿದರು. ಸೈದಪ್ಪ ತಿರುಗಲಿಲ್ಲ.

"ಒಂದ್ ಚಮಚ ರೀ. ಸುಟ್ರ ಉಗುಳ್ರಿ, ಮತ್ತ ಕೇಳಂಗಿಲ್ಲ ನಾ."

ಅವನು ನಿಧಾನವಾಗಿ ತಿರುಗಿ ಬಾಯಿ ತೆರೆದ, ಪೆಟ್ಟು ತಿನ್ನಲು ಸಿದ್ಧನಾದವನ ಹಾಗೆ ಕಣ್ಣು ಮುಚ್ಚಿ. ಬಾಳಮ್ಮ ಚಮಚ ಬಾಯೊಳಗಿಟ್ಟಳು. ಕೆನ್ನೆ ಆಡಿತು, ನಿಂತಿತು. ಗಂಟಲ ಗಂಟು ಮೇಲೆ ಬಂತು, ಕೆಳಗೆ ಹೋಯಿತು. ಕೆಮ್ಮು ಬರುತ್ತದೆಂದು ಕಾದಳು. ಬರಲಿಲ್ಲ.

"ಸಪ್ಪಗೈತಿ" ಅಂದ ಸೈದಪ್ಪ.

ವಿಜಯಶ್ರೀ ಬಾಗಿಲ ಕಡೆ ಹೋಗಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವನು ಹೆಂಡತಿಯ ಕೈಯಿಂದ ಚಮಚ ಕಿತ್ತುಕೊಂಡು ತಾನೇ ತುಂಬಿಸಿಕೊಂಡ, ಅವಳು ಕೊಟ್ಟದ್ದಕ್ಕಿಂತ ಹೆಚ್ಚು.

"ಸಾವಕಾಶ ರೀ" ಎಂದಳು ಬಾಳಮ್ಮ. ನೀರಿನ ಲೋಟ ಹಿಡಿದು, ಆ ತುತ್ತು ಇಳಿಯುವ ತನಕ, ಅದರ ಮುಂದಿನದು ಇಳಿಯುವ ತನಕ, ಅವನ ಗಂಟಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.