ದೋಣಿಗೆ ಹತ್ತದ ಕುರ್ಚಿ

ಕಾಚಿಗೂಡದಲ್ಲಿ ರೈಲಿಳಿದು ಹೈದರಾಬಾದಿನ ಹೊರವಲಯದ ಈ ಕೆರೆಗೆ ನೇರವಾಗಿ ಬಂದಿದ್ದೆವು. ಅಪಘಾತದಲ್ಲಿ ಕಾಲಿನ ಬಲ ಹೋದಮೇಲೆ ಅಕ್ಕ ಬಾಯಿಬಿಟ್ಟು ಕೇಳಿದ್ದು ಇದೊಂದೇ: ಎಲ್ಲರೂ ಕೂಡಿ ದೋಣಿಯಲ್ಲಿ ಹೋಗಬೇಕು.

ದೋಣಿಗೆ ಹತ್ತಲು ಇದ್ದದ್ದು ಒಂದು ಕಿರಿದಾದ ಹಲಗೆ. ಗಾಲಿಕುರ್ಚಿ ಅದರ ಮೇಲೆ ಹೋಗುವಂತಿರಲಿಲ್ಲ. ಕುರ್ಚಿಯನ್ನು ದಡದಲ್ಲೇ ಬಿಟ್ಟು ಅವರನ್ನು ಎತ್ತಿಕೊಂಡು ಬನ್ನಿ ಎಂದು ದೋಣಿಯವನು ಹಿಂದಿಯಲ್ಲಿ ಹೇಳಿದ.

"ಎತ್ತೂದಾದ್ರ ನಾ ಬರೂದಿಲ್ರಿ," ಎಂದಳು ಅಕ್ಕ.

"ಇಷ್ಟು ದೂರ ಬಂದೀವಿ, ಹೂಂ ಅನ್ನು," ಎಂದು ಭಾವ ಬೇಡಿಕೊಂಡರು.

ಅವಳು ಅವರ ಕೊರಳಿಗೆ ಕೈಹಾಕಿ ಕಣ್ಣು ಮುಚ್ಚಿದಳು. ಸಾಲಿನಲ್ಲಿದ್ದ ಯಾರೋ ಮೊಬೈಲ್ ಎತ್ತಿ ಹಿಡಿದರು.

ದೋಣಿ ಹೊರಟಿತು. ಎಲ್ಲರೂ ಮುಳುಗುವ ಸೂರ್ಯನತ್ತ ತಿರುಗಿದರೆ ಅಕ್ಕ ದಡವನ್ನೇ ನೋಡುತ್ತಿದ್ದಳು.

"ಅಕ್ಕಾ, ಈ ಕಡೆ ನೋಡು, ಭಾಳ ಚಂದ ಕಾಣಾಕತ್ತೈತಿ," ಎಂದೆ ನಾನು.

"ನೀ ನೋಡಪಾ. ಅಲ್ಲಿ ಯಾರೋ ನನ್ನ ಕುರ್ಚ್ಯಾಗ ಕುಂತಾರ."

ಹೌದು, ಒಬ್ಬ ಯುವಕ ಅದರಲ್ಲಿ ಕುಳಿತಿದ್ದ. ಗೆಳೆಯರು ನಗುತ್ತಾ ಅವನನ್ನು ಗಿರಗಿರ ತಿರುಗಿಸಿ ಫೋಟೋ ತೆಗೆಯುತ್ತಿದ್ದರು. ಆಮೇಲೆ ಅವನು ಥಟ್ಟನೆ ಎದ್ದು ಓಡಿದ. ಅವನು ಜನರೊಳಗೆ ಮರೆಯಾಗುವವರೆಗೂ ಅಕ್ಕ ಆ ಕಾಲುಗಳನ್ನೇ ನೋಡಿದಳು.